ಹನಿಗವನದ ಸೆಳೆತ: ಬರೆಯುತ್ತ ನಾನು ಕಂಡುಕೊಂಡದ್ದು

ತೀರಾ ಚಿಕ್ಕ ಕವಿತೆಗಳು ಏಕೆ ಇಷ್ಟವಾಗುತ್ತವೆ ಎಂದು ಕೇಳಿದರೆ, ಈಗಿನವರಿಗೆ ದೀರ್ಘವಾದುದನ್ನು ಓದಲು ಪುರುಸೊತ್ತಿಲ್ಲ ಎಂಬ ಉತ್ತರ ಥಟ್ಟನೆ ಬರುತ್ತದೆ. ಬಹಳ ವರ್ಷಗಳಿಂದ ಮೂರು ನಾಲ್ಕು ಸಾಲುಗಳ ಕವಿತೆಗಳನ್ನೇ ಹೆಚ್ಚಾಗಿ ಬರೆಯುತ್ತ ಬಂದಿರುವ ನನಗೆ ಈ ಉತ್ತರ ಒಪ್ಪಿಗೆಯಾಗುವುದಿಲ್ಲ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ಅವನ್ನು ಬಂಡೆಯಲ್ಲಿ ಕೊರೆಸಿದವರಿಗೆ ಓದುಗರ ಪುರುಸೊತ್ತಿನ ಚಿಂತೆ ಇದ್ದಿರಲಾರದು. ಪುರುಸೊತ್ತು ಇಲ್ಲದವರು ಸಣ್ಣ ಕವಿತೆಯನ್ನು ಓದಿ ಮುಗಿಸುತ್ತಾರೆ, ನಿಜ. ಆದರೆ ಅದನ್ನು ಇಷ್ಟಪಡುವವರು ಓದಿ ಮುಗಿಸಿದ ಮೇಲೂ ಅದನ್ನು ಬಿಡದವರು, ಒಂದೇ ಪದ್ಯವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೊರಳಿಸುವವರು. ಹಾಗೆ ಹೊರಳಿಸಲು ಸಾಧ್ಯವಾಗುವುದಕ್ಕೆ ಒಂದು ಸರಳ ಕಾರಣವಿದೆ: ಕೊನೆಯ ಪದ ಬರುವಾಗ ಮೊದಲ ಪದ ಇನ್ನೂ ಕಿವಿಯಲ್ಲಿರುತ್ತದೆ. ದೀರ್ಘ ಕವಿತೆಯನ್ನು ನಾವು ದಾಟಿಕೊಂಡು ಹೋಗುತ್ತೇವೆ, ಹಿಂದಿನದು ಹಿಂದೆ ಉಳಿಯುತ್ತದೆ. ಸಣ್ಣ ಕವಿತೆ ಇಡಿಯಾಗಿ ಒಮ್ಮೆಗೇ ಮನಸ್ಸಿನಲ್ಲಿ ನಿಲ್ಲುತ್ತದೆ, ಆದ್ದರಿಂದ ಅದರ ಪ್ರತಿಯೊಂದು ಪದಕ್ಕೂ ಉಳಿದ ಎಲ್ಲ ಪದಗಳು ಕಾಣುತ್ತಿರುತ್ತವೆ. ನಾನು ಈ ಪ್ರಕಾರದಲ್ಲಿ ಕಲಿತದ್ದೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

ಒಂದು ಕವಿತೆ ಹೇಗಾಯಿತು ಎಂಬುದನ್ನೇ ಹೇಳುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅವರ ಕನ್ನಡಕದ ಬಗ್ಗೆ ನಾನು ಬರೆದ ಮೊದಲ ಕರಡು ಒಂದು ಪುಟದಷ್ಟಿತ್ತು. ಮೇಜಿನ ಮೇಲೆ ಕನ್ನಡಕ ಒಂಟಿಯಾಗಿ ಬಿದ್ದಿರುವುದು, ಅದರ ಒಂದು ಕಾಲು ಸಡಿಲವಾಗಿರುವುದು, ಅಪ್ಪ ಅದನ್ನು ಪಂಚೆಯ ಅಂಚಿನಲ್ಲಿ ಒರೆಸಿಕೊಳ್ಳುತ್ತಿದ್ದುದು, ಅವರಿಗೆ ಸ್ಪಷ್ಟವಾಗಿ ಕಾಣುತ್ತಿದ್ದ ಜಗತ್ತು ನನಗೆ ಅದೇ ಗಾಜಿನ ಮೂಲಕ ಕಾಣದಿರುವುದು, ಕಣ್ಣು ತುಂಬಿಬಂದದ್ದು, ಹೀಗೆ ಎಲ್ಲವೂ ಅದರಲ್ಲಿದ್ದವು. ಅದು ಕೆಟ್ಟ ಬರವಣಿಗೆ ಆಗಿರಲಿಲ್ಲ, ಆದರೆ ಓದುಗ ಮಾಡಬೇಕಾದ ಕೆಲಸವನ್ನೆಲ್ಲ ಅದು ತಾನೇ ಮಾಡಿ ಮುಗಿಸಿತ್ತು. ನಾನು ತೆಗೆಯುತ್ತ ಹೋದೆ. ಮೊದಲು ಹೋದದ್ದು ‘ಒಂಟಿ’ ಎಂಬ ಪದ, ಏಕೆಂದರೆ ವಸ್ತುವಿಗೆ ಮನುಷ್ಯನ ದುಃಖವನ್ನು ಹೊರಿಸುವ ವಿಶೇಷಣಗಳು ಓದುಗ ಮುಂಚಿತವಾಗಿಯೇ ಅಳುವಂತೆ ಮಾಡಲು ನೋಡುತ್ತವೆ. ಆಮೇಲೆ ಪಂಚೆ ಹೋಯಿತು. ಅದನ್ನು ತೆಗೆಯಲು ನನಗೆ ಮನಸ್ಸಿರಲಿಲ್ಲ, ಏಕೆಂದರೆ ಅದು ನಿಜವಾಗಿಯೂ ಅಪ್ಪನದು. ಆದರೂ ಅದು ಬೇರೊಂದು ಕವಿತೆಯ ಸಾಮಗ್ರಿ ಎಂದು ತಿಳಿದ ಮೇಲೆ ತೆಗೆದೆ. ಕೊನೆಗೆ ಉಳಿದದ್ದು ಇಷ್ಟು:

ಅಪ್ಪನ ಕನ್ನಡಕ
ಹಾಕಿ ನೋಡಿದೆ:
ಎಲ್ಲ ಮಂಜು.

ಈ ರೂಪದಲ್ಲಿ ‘ಮಂಜು’ ಎರಡು ಕಡೆಯಿಂದ ಬರುತ್ತದೆ. ಬೇರೆಯವರ ಕಣ್ಣಿಗೆ ಹೊಂದಿಸಿದ ಗಾಜಿನಿಂದ ನೋಡಿದರೆ ಯಾರಿಗಾದರೂ ಮಸುಕು ಕಾಣುತ್ತದೆ, ಅದು ದೃಷ್ಟಿಯ ಲೆಕ್ಕ. ಕಣ್ಣಲ್ಲಿ ನೀರು ತುಂಬಿದರೂ ಮಸುಕೇ ಕಾಣುತ್ತದೆ. ಯಾವುದು ಕಾರಣ ಎಂದು ಕವಿತೆ ಹೇಳುವುದಿಲ್ಲ. ಅಪ್ಪ ಇದ್ದಾರೆಯೇ ಇಲ್ಲವೇ ಎಂಬುದನ್ನೂ ಅದು ಹೇಳುವುದಿಲ್ಲ. ಮಗು ಆಟಕ್ಕೆ ಅಪ್ಪನ ಕನ್ನಡಕ ಹಾಕಿಕೊಂಡದ್ದೆಂದು ಓದಿಕೊಂಡವರೂ ಇದ್ದಾರೆ, ಆ ಓದಿಗೂ ಕವಿತೆಯಲ್ಲಿ ಜಾಗವಿದೆ. ‘ಮಂಜು’ ಇದ್ದ ಕಡೆ ಕೆಲವು ಕಾಲ ‘ಮಸುಕು’ ಎಂದು ಇಟ್ಟಿದ್ದೆ. ಅದು ಹೆಚ್ಚು ನಿಖರವಾದ ಪದವೇನೋ ಹೌದು, ಆದರೆ ಮಸುಕು ಗಾಜಿನಲ್ಲಿ ಮಾತ್ರ ಉಳಿಯುತ್ತದೆ. ಮಂಜು ಹೊರಗಿನ ಜಗತ್ತಿನಲ್ಲೂ ಇರಬಹುದಾದದ್ದು.

ಹೇಳದೆ ಬಿಟ್ಟದ್ದು ಓದುಗನಲ್ಲಿ ಮೂಡುತ್ತದೆ ಎಂಬ ತತ್ತ್ವವನ್ನು ನಮ್ಮ ಕಾವ್ಯಮೀಮಾಂಸೆ ಬಹಳ ಹಿಂದೆಯೇ ಸಣ್ಣ ಪದ್ಯಗಳನ್ನು ಮುಂದಿಟ್ಟುಕೊಂಡೇ ಚರ್ಚಿಸಿದೆ. ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನ ಧ್ವನಿಯನ್ನು, ಅಂದರೆ ಹೇಳದೆಯೇ ಸೂಚಿತವಾಗುವ ಅರ್ಥವನ್ನು, ವಿವರಿಸಲು ಎತ್ತಿಕೊಳ್ಳುವ ಉದಾಹರಣೆಗಳಲ್ಲಿ ಹಾಲನ ಗಾಥಾಸಪ್ತಶತಿಯ ಒಂದು ಪ್ರಾಕೃತ ಗಾಥೆಯಿದೆ. ಅದರಲ್ಲಿ ಒಬ್ಬ ಹೆಣ್ಣು ಧಾರ್ಮಿಕನೊಬ್ಬನಿಗೆ, ಇನ್ನು ನೀನು ನಿಶ್ಚಿಂತೆಯಿಂದ ಓಡಾಡಬಹುದು, ನಿನ್ನನ್ನು ಕಾಡುತ್ತಿದ್ದ ಆ ನಾಯಿಯನ್ನು ಗೋದಾವರಿ ತೀರದ ಪೊದೆಯಲ್ಲಿರುವ ಸಿಂಹ ಇಂದು ಕೊಂದುಹಾಕಿದೆ ಎನ್ನುತ್ತಾಳೆ. ಮಾತಿನಲ್ಲಿರುವುದು ಆಹ್ವಾನ, ಅರ್ಥದಲ್ಲಿರುವುದು ನಿಷೇಧ. ಆ ಪೊದೆಯ ಕಡೆಗೆ ಅವನು ಬರಬಾರದೆಂದು ಅವಳು ಬಯಸುತ್ತಿರುವುದು ಏಕೆ ಎಂಬುದು ಮೂರನೆಯ ಪದರ. ಎರಡು ಸಾಲಿನಲ್ಲಿ ಒಂದು ಪ್ರಣಯದ ಕಥೆ, ಒಂದು ಸುಳ್ಳು ಮತ್ತು ಒಂದು ಜಾಣತನ ಅಡಗಿವೆ, ಆದರೆ ಪ್ರಣಯ ಎಂಬ ಸುಳಿವೇ ಪದಗಳಲ್ಲಿ ಇಲ್ಲ. ನನ್ನ ಕರಡುಗಳನ್ನು ಪರೀಕ್ಷಿಸುವಾಗ ನಾನು ಈ ಗಾಥೆಯನ್ನೇ ಅಳತೆಯಾಗಿ ಇಟ್ಟುಕೊಂಡಿದ್ದೇನೆ: ಕವಿತೆ ಯಾವುದರ ಬಗ್ಗೆಯೋ ಆ ಪದ ಕವಿತೆಯೊಳಗೆ ಕಾಣಿಸಿಕೊಂಡರೆ ಅನುಮಾನದಿಂದ ನೋಡುತ್ತೇನೆ. ದುಃಖದ ಕವಿತೆಯಲ್ಲಿ ದುಃಖ ಎಂಬ ಪದ, ಮೌನದ ಕವಿತೆಯಲ್ಲಿ ಮೌನ ಎಂಬ ಪದ ಇದ್ದರೆ ಹೆಚ್ಚಿನ ಸಲ ಅದನ್ನು ತೆಗೆದುಹಾಕಬಹುದು. ತೆಗೆದಾಗ ಕವಿತೆ ಕುಸಿದರೆ, ಅಲ್ಲಿ ಕವಿತೆ ಇರಲಿಲ್ಲವೆಂದೇ ಅರ್ಥ.

ಆರಂಭದಲ್ಲಿ ನನ್ನನ್ನು ಈ ಕಡೆಗೆ ಎಳೆದದ್ದು ಇಂಥ ಧ್ವನಿಯಲ್ಲ, ಕವಿಗೋಷ್ಠಿಗಳ ಚಪ್ಪಾಳೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹನಿಗವನ ಎಂದರೆ ಪದದ ಮೇಲೆ ಒಂದು ಚಮತ್ಕಾರ, ಕೊನೆಯಲ್ಲಿ ಒಂದು ತಿರುವು, ಒಂದು ನಗು ಎಂಬುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅಂಥದ್ದನ್ನು ಬರೆಯುವುದು ಅಷ್ಟು ಕಷ್ಟವಲ್ಲ:

ತಂದದ್ದು ಸಾಲ,
ಬರೆದದ್ದು ಸಾಲು;
ತೀರಿದ್ದು
ಎರಡನೆಯದು ಮಾತ್ರ.

ಇದನ್ನು ಓದಿದಾಗ ಸಭೆಯಲ್ಲಿ ನಗು ಬರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ನಾನು ಇವನ್ನು ಈಗಲೂ ಬರೆಯುತ್ತೇನೆ, ಸ್ನೇಹಿತರ ನಡುವೆ ಓದುತ್ತೇನೆ. ಆದರೆ ಇದು ಒಂದು ಸಲ ತೆರೆದು ಒಂದು ಸಲ ಮುಚ್ಚಿಕೊಳ್ಳುತ್ತದೆ. ಎರಡನೆಯ ಸಲ ಕೇಳಿದವನಿಗೆ ‘ಸಾಲ’ ಎಂದ ಕೂಡಲೇ ‘ಸಾಲು’ ಬರುವುದು ಗೊತ್ತಿರುತ್ತದೆ, ಗೊತ್ತಿದ್ದ ಮೇಲೆ ಅಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಕನ್ನಡಕದ ಕವಿತೆಯನ್ನು ಕೇಳಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಕೆಲವರು ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು ತಮ್ಮ ತಂದೆಯ ಬಗ್ಗೆ ಮಾತನಾಡುತ್ತಾರೆ. ಈ ಎರಡು ಬಗೆಯ ಪ್ರತಿಕ್ರಿಯೆಗಳ ನಡುವಿನ ಅಂತರವೇ ಹನಿಗವನದಲ್ಲಿ ಚಾಟೂಕ್ತಿಗೂ ಕವಿತೆಗೂ ಇರುವ ಅಂತರ ಎಂದು ನನ್ನ ತೀರ್ಮಾನ. ಇದನ್ನು ಒಪ್ಪದ ಒಳ್ಳೆಯ ಕವಿಗಳಿದ್ದಾರೆ.

ಮುಚ್ಚಿಕೊಳ್ಳುವ ಪ್ರಶ್ನೆಗೂ ಪ್ರಾಸಕ್ಕೂ ನೇರ ಸಂಬಂಧವಿದೆ. ನಾಲ್ಕು ಸಾಲಿನ ಚುಟುಕವನ್ನು ದಿನಕರ ದೇಸಾಯಿಯವರು ಮನೆಮಾತಾಗಿಸಿದ ಮೇಲೆ, ಸಣ್ಣ ಕವಿತೆಗೆ ಅಂತ್ಯಪ್ರಾಸ ಇರಲೇಬೇಕೆಂಬ ಭಾವನೆ ಬೇರೂರಿತು. ವಿಡಂಬನೆಗೆ ಅಂತ್ಯಪ್ರಾಸ ಬಹಳ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ವಿಡಂಬನೆಗೆ ಒಂದು ತೀರ್ಪು ಬೇಕು, ಸಾಲಿನ ಕೊನೆಯಲ್ಲಿ ಬೀಳುವ ಸಮಾನ ಧ್ವನಿ ತೀರ್ಪಿನ ಮುದ್ರೆಯಂತೆ ಕೇಳಿಸುತ್ತದೆ. ಆದರೆ ನಮ್ಮ ಹಳೆಯ ಛಂದಸ್ಸು ನೆಚ್ಚಿಕೊಂಡಿದ್ದು ಆದಿಪ್ರಾಸವನ್ನು, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಬರುವ ವ್ಯಂಜನದ ಸಾಮ್ಯವನ್ನು. ಬಾದಾಮಿಯ ತ್ರಿಪದಿಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದರ ಮೂರು ಪಾದಗಳು ಕ್ರಮವಾಗಿ ‘ಸಾಧುಗೆ’, ‘ಬಾಧಿಪ್ಪ’, ‘ಮಾಧವನೀತನ್’ ಎಂದು ಆರಂಭವಾಗುತ್ತವೆ. ಮೂರರಲ್ಲೂ ಎರಡನೆಯ ಅಕ್ಷರ ಧಕಾರ. ಬಂಧ ಸಾಲಿನ ಆರಂಭದಲ್ಲಿ ಬೀಳುವುದರಿಂದ ಸಾಲಿನ ಕೊನೆ ಸ್ವತಂತ್ರವಾಗಿ ಉಳಿಯುತ್ತದೆ. ಇದನ್ನು ಗಮನಿಸಿದ ಮೇಲೆ ನಾನು ಅಂತ್ಯಪ್ರಾಸವನ್ನು ನಗೆಯ ಪದ್ಯಗಳಿಗೆ ಬಿಟ್ಟುಕೊಟ್ಟು, ಉಳಿದ ಕಡೆ ಸಾಲುಗಳ ಆರಂಭದಲ್ಲಿ ಎಲ್ಲಾದರೂ ಒಂದು ಸಣ್ಣ ಅನುರಣನ ಇದ್ದರೆ ಸಾಕು ಎಂದುಕೊಂಡೆ. ಅದೂ ತಾನಾಗಿ ಬಂದರೆ ಮಾತ್ರ.

ತ್ರಿಪದಿಯಿಂದ ಕಲಿತ ಇನ್ನೊಂದು ವಿಷಯ ಅಳತೆಗೆ ಸಂಬಂಧಿಸಿದ್ದು. ತ್ರಿಪದಿಯಲ್ಲಿ ಒಟ್ಟು 11 ಅಂಶಗಣಗಳು, ಅಂದರೆ ಅಕ್ಷರಗಳ ಸಣ್ಣ ಗುಂಪುಗಳು, ಇರುತ್ತವೆ: ಮೊದಲ ಎರಡು ಪಾದಗಳಲ್ಲಿ ನಾಲ್ಕು ನಾಲ್ಕು, ಕೊನೆಯ ಪಾದದಲ್ಲಿ ಮೂರು. ಮೂರನೆಯ ಪಾದ ಒಂದು ಗಣದಷ್ಟು ಗಿಡ್ಡವಾಗಿರುವುದರಿಂದ ಮಾತು ನಾವು ನಿರೀಕ್ಷಿಸಿದ್ದಕ್ಕಿಂತ ಸ್ವಲ್ಪ ಮೊದಲೇ ನಿಂತುಬಿಡುತ್ತದೆ, ಆ ನಿಲುಗಡೆಯಲ್ಲಿ ಕೇಳುಗ ಒಂದು ಹೆಜ್ಜೆ ಮುಂದೆ ವಾಲುತ್ತಾನೆ. ಸರ್ವಜ್ಞನ ತ್ರಿಪದಿಗಳಲ್ಲಿ ಈ ಕೊನೆಯ ಗಣವನ್ನೂ ‘ಸರ್ವಜ್ಞ’ ಎಂಬ ಅಂಕಿತವೇ ತೆಗೆದುಕೊಳ್ಳುತ್ತದೆ, ಆದ್ದರಿಂದ ಹೇಳಬೇಕಾದದ್ದಕ್ಕೆ ಉಳಿಯುವುದು ಹತ್ತೇ ಗಣಗಳು. ಹನ್ನೊಂದರಲ್ಲಿ ಒಂದನ್ನು ಹೆಸರಿಗೆ ಕೊಟ್ಟೂ ಹತ್ತರಲ್ಲಿ ಒಂದು ಲೋಕಾನುಭವವನ್ನು ಹೇಳಿ ಮುಗಿಸುವ ಆ ಲೆಕ್ಕಾಚಾರ ನನಗೆ ಅವನ ನೀತಿಮಾತುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ನಾನು ಗಣ ಹಾಕಿ ಬರೆಯುವವನಲ್ಲ; ಆದರೂ ಕೊನೆಯ ಸಾಲು ಹಿಂದಿನವುಗಳಿಗಿಂತ ತುಸು ಗಿಡ್ಡವಾಗಿರಲಿ ಎಂಬುದನ್ನು ಅಭ್ಯಾಸವಾಗಿಯೇ ಪಾಲಿಸುತ್ತೇನೆ.

ಜಪಾನಿನ ಮೂರು ಸಾಲಿನ ಕವಿತೆಯಾದ ಹಾಯ್ಕು ಬರೆಯಹೊರಟಾಗ ಮಾತ್ರ ಅಳತೆಯ ಪ್ರಶ್ನೆ ಕಗ್ಗಂಟಾಯಿತು. ಐದು, ಏಳು, ಐದು ಎಂಬ ಲೆಕ್ಕವನ್ನು ಕನ್ನಡದಲ್ಲಿ ಸಾಮಾನ್ಯವಾಗಿ ಅಕ್ಷರಗಳಲ್ಲಿ ಎಣಿಸುತ್ತಾರೆ. ಜಪಾನಿ ಭಾಷೆಯಲ್ಲಿ ಎಣಿಸುವುದು ಉಚ್ಚಾರದ ಕಾಲಮಾನವನ್ನು. ಅಲ್ಲಿ ದೀರ್ಘ ಸ್ವರಕ್ಕೆ ಎರಡು ಎಣಿಕೆ, ಒತ್ತಿ ಹೇಳುವ ವ್ಯಂಜನಕ್ಕೂ ಒಂದು ಎಣಿಕೆ ಸೇರುತ್ತದೆ. ಇದು ನಮ್ಮ ಅಕ್ಷರದ ಲೆಕ್ಕಕ್ಕಿಂತ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸುವ ಮಾತ್ರೆಯ ಲೆಕ್ಕಕ್ಕೆ ಹತ್ತಿರವಾದದ್ದು. ಆದರೆ ಮಾತ್ರೆಯಲ್ಲಿ ಎಣಿಸಿದರೆ ಕನ್ನಡಕ್ಕೆ 17 ಏನೇನೂ ಸಾಲದು. ‘ಮರೆತುಬಿಟ್ಟಿದ್ದೇನೆ’ ಎಂಬ ಒಂದೇ ಪದ ಏಳು ಅಕ್ಷರಗಳ ಮಧ್ಯದ ಸಾಲನ್ನು ಪೂರ್ತಿ ತುಂಬಿಬಿಡುತ್ತದೆ. ಮಾತ್ರೆಯಲ್ಲಾದರೆ ಅದು ಹತ್ತು, ಸಾಲನ್ನೇ ಮೀರುತ್ತದೆ. ಕೆಲವು ಕಾಲ ಎರಡೂ ಬಗೆಯಲ್ಲಿ ಕಟ್ಟುನಿಟ್ಟಾಗಿ ಬರೆದು ನೋಡಿದೆ. ಅಕ್ಷರ ತುಂಬಿಸಲು ಸೇರಿಸಿದ ‘ಅಹಾ’, ‘ಈಗ’, ‘ತಾನು’ಗಳು ಕಣ್ಣಿಗೆ ಹೊಡೆಯತೊಡಗಿದ ಮೇಲೆ ಎಣಿಕೆಯನ್ನು ಬಿಟ್ಟೆ, ಹಾಯ್ಕುವಿನ ಸ್ವಭಾವವನ್ನು ಉಳಿಸಿಕೊಂಡೆ.

ಆ ಸ್ವಭಾವ ಎಲ್ಲಿಂದ ಬಂತೆಂಬುದು ನನಗೆ ಬಹಳ ಪ್ರಿಯವಾದ ವಿಷಯ. ಹಾಯ್ಕು ಮೂಲತಃ ಒಂಟಿ ಪದ್ಯವಲ್ಲ. ಹಲವು ಕವಿಗಳು ಸೇರಿ ಕಟ್ಟುತ್ತಿದ್ದ ರೆಂಗಾ ಎಂಬ ಸರಣಿ ಕಾವ್ಯದ ಮೊದಲ ಪದ್ಯ ಅದು, ಅದನ್ನು ಹೊಕ್ಕು ಎನ್ನುತ್ತಿದ್ದರು. ಒಬ್ಬ ಕವಿ 17ರ ಹೊಕ್ಕು ಹೇಳಿದರೆ ಇನ್ನೊಬ್ಬ 14ರ ಉತ್ತರ ಸೇರಿಸುತ್ತಿದ್ದ. ಅದಕ್ಕೆ ಸ್ವತಂತ್ರ ಪ್ರಕಾರದ ಸ್ಥಾನ ಮತ್ತು ಹಾಯ್ಕು ಎಂಬ ಹೆಸರು ಗಟ್ಟಿಯಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕವಿ ಮಸಾಓಕಾ ಶಿಕಿಯ ಕಾಲದಲ್ಲಿ. ಹಾಗಾಗಿ ಈ ಪದ್ಯ ಹುಟ್ಟಿದ್ದೇ ಪಕ್ಕದಲ್ಲಿ ಕೂತ ಇನ್ನೊಬ್ಬನಿಗೆ ಮುಂದುವರಿಸಲು ಜಾಗ ಬಿಟ್ಟುಕೊಂಡು. ಸಂಗಡಿಗ ಕವಿ ಹೋದ ಮೇಲೆ ಆ ಖಾಲಿ ಜಾಗಕ್ಕೆ ಓದುಗ ಬಂದು ಕೂತ. ಸಣ್ಣ ಕವಿತೆಯನ್ನು ಮುಗಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇಲ್ಲಿಂದಲೇ ಬಂದದ್ದು: ಇದಕ್ಕೆ ಇನ್ನೊಬ್ಬರು ಎರಡು ಸಾಲು ಸೇರಿಸಬಹುದೇ? ಸೇರಿಸಲು ಏನೂ ಇಲ್ಲವೆನಿಸಿದರೆ ನಾನು ಅಗತ್ಯಕ್ಕಿಂತ ಹೆಚ್ಚು ಹೇಳಿದ್ದೇನೆ.

ಜಪಾನಿ ಕವಿ ಬಾಶೋನ 1686ರ ಕಪ್ಪೆಯ ಹಾಯ್ಕುವನ್ನು ಕುರಿತು ಅವನ ಶಿಷ್ಯ ಶಿಕೋ ದಾಖಲಿಸಿರುವ ಒಂದು ಪ್ರಸಂಗವೂ ಬರೆಯುವವರಿಗೆ ಉಪಯುಕ್ತ. ಕಪ್ಪೆ ನೀರಿಗೆ ಹಾರುವ ಸದ್ದಿನ ಭಾಗ ಮೊದಲು ಸಿಕ್ಕಿತಂತೆ, ಆರಂಭದ ಐದರ ಸಾಲು ಸಿಕ್ಕಿರಲಿಲ್ಲವಂತೆ. ಜೊತೆಗಿದ್ದ ಇನ್ನೊಬ್ಬ ಶಿಷ್ಯ ಕಿಕಾಕು ಹಳದಿ ಹೂವಿನ ಪೊದೆಯೊಂದನ್ನು ಸೂಚಿಸಿದ. ಬಾಶೋ ಅದನ್ನು ಬಿಟ್ಟು ‘ಹಳೆಯ ಕೊಳ’ ಎಂದು ಇಟ್ಟ. ಹೂವು ಚೆಲುವನ್ನು ಸೇರಿಸುತ್ತಿತ್ತು, ಆದರೆ ಸದ್ದಿಗೆ ಬೇಕಾದದ್ದು ಚೆಲುವಾಗಿರಲಿಲ್ಲ, ಸದ್ದಾಗುವುದಕ್ಕೆ ಮೊದಲಿನ ಸ್ಥಿತಿಯಾಗಿತ್ತು. ಸಾಲುಗಳು ಓದುವ ಕ್ರಮದಲ್ಲೇ ಹುಟ್ಟಬೇಕಾಗಿಲ್ಲ ಎಂಬುದು ಇದರಿಂದ ನನಗೆ ಸ್ಪಷ್ಟವಾಯಿತು. ನನ್ನಲ್ಲಿ ಹೆಚ್ಚಾಗಿ ಮೊದಲು ಬರುವುದು ಕೊನೆಯ ಸಾಲು, ಆಮೇಲೆ ಅದನ್ನು ನಿಲ್ಲಿಸಲು ನೆಲ ಹುಡುಕುತ್ತೇನೆ.

ಸಾಲುಗಳ ಕ್ರಮ ಬದಲಾದರೆ ಕವಿತೆಯ ಅರ್ಥವೇ ಹೇಗೆ ತಲೆಕೆಳಗಾಗುತ್ತದೆ ಎಂಬುದಕ್ಕೆ ನನ್ನದೇ ಇನ್ನೊಂದು ಪದ್ಯವಿದೆ:

ಮಗು ಬಿಡಿಸಿದ ಮನೆಗೆ
ಬಾಗಿಲಿಲ್ಲ;
ಎಲ್ಲರೂ ಒಳಗಿದ್ದಾರೆ.

ಈ ಕ್ರಮದಲ್ಲಿ ಬಾಗಿಲು ಬೇಕಾಗಿಯೇ ಇಲ್ಲ, ಏಕೆಂದರೆ ಹೊರಗೆ ಉಳಿದವರು ಯಾರೂ ಇಲ್ಲ. ಮಗುವಿನ ಲೆಕ್ಕದಲ್ಲಿ ಮನೆ ಪೂರ್ಣವಾಗಿದೆ. ಇದನ್ನೇ ‘ಎಲ್ಲರೂ ಒಳಗಿದ್ದಾರೆ, ಮಗು ಬಿಡಿಸಿದ ಮನೆಗೆ ಬಾಗಿಲಿಲ್ಲ’ ಎಂದು ತಿರುಗಿಸಿದರೆ ಒಳಗಿರುವವರು ಸೆರೆಯಾಗುತ್ತಾರೆ. ಒಂದು ಪದವೂ ಬದಲಾಗಿಲ್ಲ. ಎರಡನ್ನೂ ಬರೆದಿಟ್ಟುಕೊಂಡು ಬಹಳ ದಿನ ಯಾವುದೆಂದು ತೀರ್ಮಾನಿಸದೆ ಇದ್ದೆ. ಎರಡನೆಯದು ಹೆಚ್ಚು ಚತುರವಾಗಿ ಕಂಡದ್ದೇ ನನಗೆ ಅದರ ಮೇಲೆ ಅಪನಂಬಿಕೆ ಹುಟ್ಟಿಸಿತು. ಚಿತ್ರ ಬಿಡಿಸಿದ ಮಗುವಿಗೆ ಸೆರೆ ಗೊತ್ತಿಲ್ಲ, ಅದು ನನ್ನ ವಯಸ್ಸಿನ ಮಾತು. ಮೊದಲನೆಯದನ್ನು ಉಳಿಸಿಕೊಂಡೆ, ಸೆರೆಯ ಛಾಯೆ ಬೇಕಾದವರಿಗೆ ಅದರಲ್ಲೂ ಸಿಗುತ್ತದೆ.

ಇಂಥ ಆಟಕ್ಕೆ ಕನ್ನಡ ವಾಕ್ಯದ ರಚನೆಯೇ ಒತ್ತಾಸೆಯಾಗಿದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಏನಾಯಿತು ಎಂಬುದು ಕೊನೆಯವರೆಗೆ ತಿಳಿಯುವುದಿಲ್ಲ, ಕುತೂಹಲ ತಾನಾಗಿಯೇ ಉಳಿಯುತ್ತದೆ. ಕ್ರಿಯಾಪದದ ಪ್ರತ್ಯಯದಲ್ಲೇ ಕರ್ತೃ ಅಡಗಿರುವುದರಿಂದ ‘ನಾನು’ ಎಂದು ಹೇಳದೆಯೇ ‘ನೋಡಿದೆ’ ಎನ್ನಬಹುದು. ಕನ್ನಡಕದ ಪದ್ಯದಲ್ಲಿ ಮತ್ತೆ ‘ನಾನು’ ಸೇರಿಸಿ ಓದಿ ನೋಡಿದರೆ ಅದು ಎಷ್ಟು ಭಾರವಾಗುತ್ತದೆ ಎಂಬುದು ತಿಳಿಯುತ್ತದೆ. ಆದರೆ ಇದೇ ಭಾಷೆ ಅಪಾಯವನ್ನೂ ತಂದೊಡ್ಡುತ್ತದೆ. ‘ಇದ್ದಾನೆ’, ‘ಆಗಿದೆ’, ‘ಬಿಟ್ಟಿತು’ ಎಂಬ ಬಾಲಗಳು ಸಾಲಿನ ಕೊನೆಯಲ್ಲಿ ಸುಮ್ಮನೆ ಸೇರಿಕೊಳ್ಳುತ್ತವೆ, ಅತ್ಯಂತ ತೂಕದ ಜಾಗವನ್ನು ಅತ್ಯಂತ ಹಗುರವಾದ ಪದ ಆಕ್ರಮಿಸುತ್ತದೆ. ‘ಎಲ್ಲ ಮಂಜಾಗಿತ್ತು’ ಎಂದಿದ್ದುದನ್ನು ‘ಎಲ್ಲ ಮಂಜು’ ಎಂದು ನಿಲ್ಲಿಸಿದ್ದು ಇದೇ ಕಾರಣಕ್ಕೆ. ಹಾಗೆಂದು ಎಲ್ಲ ಕ್ರಿಯಾಪದಗಳನ್ನೂ ಕತ್ತರಿಸಿದರೆ ಕವಿತೆ ವಸ್ತುಗಳ ಪಟ್ಟಿಯಾಗುತ್ತದೆ. ‘ಎಲ್ಲರೂ ಒಳಗಿದ್ದಾರೆ’ ಎಂಬಲ್ಲಿ ಆ ‘ಇದ್ದಾರೆ’ ಇರಲೇಬೇಕು, ಜನರಿಗೆ ಜೀವ ಬರುವುದು ಅದರಿಂದ.

ಯಾವ ಪದ ಬೇಕು, ಯಾವುದು ಬೇಡ ಎಂದು ಅರಿಯಲು ನಾನು ಅನುಸರಿಸುವ ಕ್ರಮ ಬಹಳ ಸುಲಭವಾದದ್ದು. ಕರಡನ್ನು ಬರೆದು ಮುಚ್ಚಿಟ್ಟು, ಕೆಲವು ದಿನಗಳ ನಂತರ ನೋಡದೆ ನೆನಪಿನಿಂದ ಮತ್ತೆ ಬರೆಯುತ್ತೇನೆ. ನೆನಪು ಕೈಬಿಟ್ಟ ಪದಗಳು ಹೆಚ್ಚಿನ ಸಲ ಕವಿತೆಗೂ ಬೇಡವಾದವು. ನೆನಪು ಬದಲಾಯಿಸಿದ ಪದಗಳನ್ನು ಮಾತ್ರ ಎಚ್ಚರದಿಂದ ನೋಡಬೇಕು, ಏಕೆಂದರೆ ಅದು ಅಪರೂಪದ ಪದದ ಜಾಗಕ್ಕೆ ಸವೆದ ಪದವನ್ನು ತಂದು ಕೂರಿಸುವುದುಂಟು.

ಶೀರ್ಷಿಕೆಯ ಬಗ್ಗೆಯೂ ಹೇಳಬೇಕು. ಮೂರು ಸಾಲಿನ ಕವಿತೆಗೆ ಶೀರ್ಷಿಕೆ ಎಂದರೆ ಪ್ರಾಯೋಗಿಕವಾಗಿ ನಾಲ್ಕನೆಯ ಸಾಲು. ಅದು ಕವಿತೆಯಲ್ಲಿರುವುದನ್ನೇ ಮತ್ತೆ ಹೇಳಿದರೆ ಕಾಲು ಭಾಗ ವ್ಯರ್ಥವಾದಂತೆ. ಕನ್ನಡಕದ ಕವಿತೆಗೆ ನಾನು ಶೀರ್ಷಿಕೆ ಕೊಟ್ಟಿಲ್ಲ, ಕೊಟ್ಟರೆ ಆ ಎರಡು ಓದುಗಳಲ್ಲಿ ಒಂದು ಮುಚ್ಚಿಹೋಗುತ್ತದೆ. ಆದರೆ ಈ ಕೆಳಗಿನದು ಶೀರ್ಷಿಕೆ ಇಲ್ಲದೆ ನಿಲ್ಲುವುದೇ ಇಲ್ಲ:

ಬಾಡಿಗೆ ಮನೆ

ಗೋಡೆಯ ಮೊಳೆಗಳು
ಯಾರದೋ ಚಿತ್ರಗಳ
ಎತ್ತರದಲ್ಲಿವೆ.

ಶೀರ್ಷಿಕೆ ತೆಗೆದರೆ ಇದು ಮೊಳೆಗಳ ವರದಿ. ಅದು ಇದ್ದಾಗ ಒಳಗೆ ಬಂದವರು, ಬಿಟ್ಟು ಹೋದವರು, ತಮ್ಮ ಚಿತ್ರಗಳನ್ನು ಇನ್ನೊಬ್ಬರ ಎತ್ತರಕ್ಕೆ ಹೊಂದಿಸಿಕೊಳ್ಳಬೇಕಾದವರು ಎಲ್ಲರೂ ಕಾಣುತ್ತಾರೆ. ಈ ಪದ್ಯದಲ್ಲಿ ಮೊದಲು ‘ಖಾಲಿ’ ಎಂಬ ಪದವೂ ಇತ್ತು. ಮೊಳೆಗಳಷ್ಟೇ ಇವೆ ಎಂದ ಮೇಲೆ ಚಿತ್ರಗಳಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಸಣ್ಣ ಕವಿತೆಗಳನ್ನು ಒಟ್ಟಾಗಿ ಓದಿಸುವುದು ಬೇರೆಯೇ ಸಮಸ್ಯೆ. ಒಂದೊಂದೂ ಸುತ್ತ ಮೌನವನ್ನು ಬೇಡುವುದರಿಂದ ಹತ್ತನ್ನು ಒಂದರ ಹಿಂದೆ ಒಂದರಂತೆ ಓದಿದರೆ ಒಂದರ ಅನುರಣನವನ್ನು ಮುಂದಿನದು ಅಳಿಸಿಹಾಕುತ್ತದೆ, ಕೇಳುಗರಿಗೆ ಕೊನೆಗೆ ಒಂದೇ ಬಗೆಯ ಆಯಾಸ ಉಳಿಯುತ್ತದೆ. ಸಭೆಯಲ್ಲಿ ನಾನು ಈಗ ಕೆಲವನ್ನೇ ಆಯ್ದು, ಪ್ರತಿಯೊಂದನ್ನೂ ಎರಡು ಸಲ ಓದುತ್ತೇನೆ; ಮೊದಲನೆಯ ಓದು ಏನಿದೆ ಎಂದು ತಿಳಿಯಲು, ಎರಡನೆಯದು ಕೊನೆಯ ಸಾಲು ಗೊತ್ತಿದ್ದೂ ಮೊದಲ ಸಾಲನ್ನು ಕೇಳಲು. ಎರಡನೆಯ ಓದಿನಲ್ಲಿ ಸೊರಗಿದ ಪದ್ಯಗಳನ್ನು ಮುಂದಿನ ಸಲ ಕೈಬಿಡುತ್ತೇನೆ. ಮುದ್ರಿಸುವಾಗ ಪುಟಕ್ಕೆ ಒಂದೇ ಇರಲಿ ಎನ್ನುತ್ತೇನೆ. ಕಾಗದ ದಂಡ ಎಂದು ಪ್ರಕಾಶಕರು ತಕರಾರು ಮಾಡುತ್ತಾರೆ, ಸಾಮಾನ್ಯವಾಗಿ ಪುಟಕ್ಕೆ ಎರಡಕ್ಕೆ ರಾಜಿಯಾಗುತ್ತದೆ.

ಎಲ್ಲ ಅನುಭವವೂ ಈ ಅಳತೆಗೆ ಒಗ್ಗುತ್ತದೆಂದು ನಾನು ತಿಳಿದಿಲ್ಲ. ಕಾಲದ ಉದ್ದಕ್ಕೂ ನಿಧಾನವಾಗಿ ಬದಲಾಗುವ ಸಂಬಂಧಗಳು, ವಾದ ಮತ್ತು ಪ್ರತಿವಾದ ಬೇಕಾದ ಕೋಪ, ಒಬ್ಬ ವ್ಯಕ್ತಿಯ ಇಡೀ ಬದುಕು, ಇವು ಮೂರು ಸಾಲಿಗೆ ಇಳಿದಾಗ ಗಾದೆಯಾಗುತ್ತವೆ ಅಥವಾ ಒಗಟಾಗುತ್ತವೆ. ಅಪ್ಪ ಪಂಚೆಯ ಅಂಚಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದುದನ್ನು ಹಾಗೆ ಇಳಿಸಲು ಹಲವು ಸಲ ನೋಡಿದೆ; ಆ ಒರೆಸುವಿಕೆಗೆ ಹಿಂದೆ ಮುಂದೆ ಒಂದಿಷ್ಟು ಹೊತ್ತು ಬೇಕು, ಅವರು ಏನನ್ನು ಓದುತ್ತಿದ್ದರು, ಯಾರು ಕರೆದರು ಎಂಬುದೆಲ್ಲ ಬೇಕು. ಅದನ್ನು ಈಗ ಗದ್ಯದಲ್ಲಿ ಬರೆಯುತ್ತಿದ್ದೇನೆ.